ಏಳು ರಾತ್ರಿ, ನಾಲ್ಕು ದೇಶ, ಸೊನ್ನೆ ಊರು

ಮೆಡಿಟರೇನಿಯನ್ ಕ್ರೂಸ್ ಪ್ಯಾಕೇಜುಗಳ ಜಾಹೀರಾತು ಈಗ ನಮ್ಮ ಫೋನುಗಳಿಗೂ ಬರೋಕೆ ಶುರುವಾಗಿದೆ. ಏಳು ರಾತ್ರಿ, ನಾಲ್ಕು ದೇಶ. ಇಟಲಿ, ಕ್ರೊಯೇಷಿಯಾ, ಮಾಂಟೆನೆಗ್ರೊ, ಗ್ರೀಸ್. ಇಂಡಿಯನ್ ಊಟ ಸಿಗುತ್ತೆ, ಜೈನ್ ಊಟವೂ ಸಿಗುತ್ತೆ, ದುಡ್ಡು ಕಂತಿನಲ್ಲಿ ಕಟ್ಟಬಹುದು. ಸೂಟ್‌ಕೇಸ್ ಒಂದೇ ಸಲ ಬಿಚ್ಚಿದರೆ ಸಾಕು, ಊರುಗಳೇ ನಿಮ್ಮ ಕಿಟಕಿಯ ಹತ್ತಿರ ಬಂದು ನಿಲ್ತವೆ. ನಮ್ಮ ಆಫೀಸುಗಳಲ್ಲಿ ವರ್ಷಕ್ಕೆ ಇಬ್ಬರು ಮೂವರಾದರೂ ಹೀಗೆ ಹೋಗಿ ಬರ್ತಾರೆ. ಬಂದಮೇಲೆ ಪ್ಯಾಂಟ್ರಿಯಲ್ಲಿ ಕಾಫಿ ಹಿಡ್ಕೊಂಡು ‘ಮಾಂಟೆನೆಗ್ರೊ ಮುಗಿಸಿದ್ವಿ’ ಅಂತಾರೆ.

ಈ ‘ಮುಗಿಸಿದ್ವಿ’ ಅನ್ನೋ ಮಾತಿನ ಮೇಲೆ ನನಗೆ ಜಗಳ ಇದೆ. ಸಿಲಬಸ್ ಮುಗಿಸಬಹುದು, ಸ್ಪ್ರಿಂಟ್ ಮುಗಿಸಬಹುದು. ಒಂದು ಊರನ್ನ ಬೆಳಗ್ಗೆ ಒಂಬತ್ತರಿಂದ ಮಧ್ಯಾಹ್ನ ಮೂರರೊಳಗೆ ಮುಗಿಸೋದು ಹೇಗೆ ಸ್ವಾಮಿ? ಅದೂ ಒಬ್ಬರೇ ಅಲ್ಲ, ಮೂರು ಸಾವಿರ ಜನ ಒಟ್ಟಿಗೆ ಇಳಿದು? ಹಾಗೆ ಇಳಿದರೆ ಊರನ್ನ ನೋಡಿದ ಹಾಗಾಗಲ್ಲ, ಊರಿಗೆ ಒಂದು ಭಾರ ಹೊರಿಸಿ ಬಂದ ಹಾಗಾಗುತ್ತೆ. ಇದನ್ನ ಯಾವುದಾದರೂ ಒಂದು ಊರು ಇಟ್ಕೊಂಡು ಹೇಳಿದರೆ ಅರ್ಥ ಆಗುತ್ತೆ. ಮಾಂಟೆನೆಗ್ರೊದ ಕೊಟೋರ್ ತಗೊಳ್ಳೋಣ. ಆಡ್ರಿಯಾಟಿಕ್ ಕ್ರೂಸುಗಳ ಪಟ್ಟಿಯಲ್ಲಿ ಪದೇ ಪದೇ ಬರುವ ಹೆಸರು ಅದು.

ಕೊಟೋರ್ ಇರೋದು ಬೋಕಾ ಅನ್ನೋ ಕೊಲ್ಲಿಯ ತೀರಾ ಒಳಗಿನ ಮೂಲೆಯಲ್ಲಿ. ಸಮುದ್ರ ಬೆಟ್ಟಗಳ ನಡುವೆ ಸೊಂಟ ಬಳುಕಿಸಿಕೊಂಡು ಒಳಗೆ ಬರುತ್ತೆ. ವೆರಿಗೆ ಅನ್ನೋ ಕಡೆ ಅದರ ಅಗಲ ಅರ್ಧ ಕಿಲೋಮೀಟರೂ ಇಲ್ಲ. ಅದನ್ನ ದಾಟಿ ಬಂದರೆ ನೀರು, ನೀರಿಗೆ ತಾಗಿಕೊಂಡೇ ಕಲ್ಲಿನ ಪೇಟೆ, ಪೇಟೆಯ ಬೆನ್ನಿಗೆ ಕಡಿದಾದ ಬೆಟ್ಟ. ಪೇಟೆಯ ಸುತ್ತ ಎದ್ದಿರುವ ಕೋಟೆ ಗೋಡೆ ಬೆಟ್ಟವನ್ನೂ ಹತ್ತಿ, ಸುಮಾರು 260 ಮೀಟರ್ ಎತ್ತರದ ಕೋಟೆಯವರೆಗೆ ಹೋಗಿ, ಮತ್ತೆ ಇಳಿದು ಬರುತ್ತೆ. ಒಟ್ಟು ಉದ್ದ ಸುಮಾರು ನಾಲ್ಕೂವರೆ ಕಿಲೋಮೀಟರ್. ಮೇಲಕ್ಕೆ ಹೋಗೋಕೆ 1,350 ಮೆಟ್ಟಿಲು. ನಮ್ಮ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತಿದವರಿಗೆ ಲೆಕ್ಕ ಗೊತ್ತಾಗುತ್ತೆ.

1420ರಿಂದ 1797ರವರೆಗೆ ಈ ಊರು ವೆನಿಸ್ಸಿನ ಕೈಯಲ್ಲಿತ್ತು. ಇಲ್ಲಿನ ಸಂತ ಟ್ರಿಫೋನನ ಕೆಥೆಡ್ರಲ್ 1166ರದು. ಅಲ್ಲಿಂದ ಎರಡು ನಿಮಿಷ ನಡೆದರೆ 1195ರಲ್ಲಿ ಕಟ್ಟಿದ ಸಂತ ಲೂಕನ ಪುಟ್ಟ ಚರ್ಚ್. ಅದರೊಳಗೆ ಒಂದು ಕಾಲದಲ್ಲಿ ಕ್ಯಾಥೊಲಿಕರದ್ದೊಂದು, ಆರ್ಥೊಡಾಕ್ಸರದ್ದೊಂದು ಅಂತ ಎರಡು ಪೂಜಾಪೀಠ ಇದ್ದವು. ಒಂದೇ ಸೂರು, ಎರಡು ಪಂಥ. 1979ರ ಏಪ್ರಿಲ್ 15ರಂದು ಭೂಕಂಪ ಆಗಿ ಊರಿನ ಬಹುಭಾಗ ಜಖಂ ಆಯಿತು. ಅದೇ ವರ್ಷ ಯುನೆಸ್ಕೊ ಇದನ್ನ ವಿಶ್ವ ಪರಂಪರೆಯ ಪಟ್ಟಿಗೂ, ಜೊತೆಗೇ ಅಪಾಯದಲ್ಲಿರುವ ಪರಂಪರೆಯ ಪಟ್ಟಿಗೂ ಸೇರಿಸಿತು. ಅಪಾಯದ ಪಟ್ಟಿಯಿಂದ ಹೊರಬಂದಿದ್ದು 2003ರಲ್ಲಿ. ಅಂದರೆ ಒಡೆದ ಊರನ್ನ ಮತ್ತೆ ಕೂಡಿಸೋಕೆ ಸುಮಾರು ಇಪ್ಪತ್ನಾಲ್ಕು ವರ್ಷ ಹಿಡಿದಿದೆ.

ಇಷ್ಟು ಹೇಳಿದ್ದು ಯಾಕೆ ಅಂದ್ರೆ, ಇಪ್ಪತ್ನಾಲ್ಕು ವರ್ಷ ಕಲ್ಲಿನ ಮೇಲೆ ಕಲ್ಲಿಟ್ಟು ಉಳಿಸಿಕೊಂಡ ಊರಿಗೆ ನಾವು ಕೊಡ್ತಿರೋ ಸಮಯ ನಾಲ್ಕು ಗಂಟೆ. ಜಾಹೀರಾತಿನಲ್ಲಿ ಎಂಟರಿಂದ ಐದು ಅಂತ ಇರುತ್ತೆ. ಅದು ಹಡಗು ನಿಲ್ಲೋ ಸಮಯ. ನಿಮ್ಮದಲ್ಲ. ದೊಡ್ಡ ಹಡಗು ಲಂಗರು ಹಾಕಿ ದೂರದಲ್ಲಿ ನಿಂತರೆ ಸಣ್ಣ ದೋಣಿಗಾಗಿ ಟೋಕನ್ ತಗೊಂಡು ಕಾಯಬೇಕು. ದಕ್ಕೆಗೇ ಬಂದು ನಿಂತರೂ ಸಾವಿರಾರು ಜನ ಒಂದೆರಡು ಮೆಟ್ಟಿಲ ಸಾಲಿನಲ್ಲಿ ಇಳೀಬೇಕು. ಹೊರಡೋಕೆ ಅರ್ಧ ಗಂಟೆಯೋ ಒಂದು ಗಂಟೆಯೋ ಮೊದಲೇ ವಾಪಸ್ ಹತ್ತಿರಬೇಕು. ತಡವಾದರೆ ಹಡಗು ಕಾಯಲ್ಲ, ಆ ಭಯಕ್ಕೆ ಇನ್ನೊಂದು ಗಂಟೆ ಮೊದಲೇ ಎಲ್ಲರೂ ವಾಚ್ ನೋಡ್ತಿರ್ತಾರೆ. ಇದೆಲ್ಲ ಕಳೆದರೆ ಉಳಿಯೋದು ನಾಲ್ಕು ಗಂಟೆ. ಅದರಲ್ಲಿ ಬಸ್ಸಿನಲ್ಲಿ ಪೆರಾಸ್ಟ್‌ಗೆ ಹೋಗಿ, ದ್ವೀಪದ ಚರ್ಚ್ ನೋಡಿ, ಮತ್ತೆ ಬಸ್ ಹತ್ತೋ ಟೂರ್ ತಗೊಂಡಿದ್ದರೆ ಕೊಟೋರ್‌ಗೆ ಸಿಗೋದು ಐಸ್‌ಕ್ರೀಮ್ ತಿನ್ನೋವಷ್ಟು ಹೊತ್ತು.

ನಾನು ಕೊಟೋರ್‌ಗೆ ಹೋಗಿದ್ದು ಡುಬ್ರೋವ್ನಿಕ್‌ನಿಂದ ಬಸ್ಸಿನಲ್ಲಿ. ನಾಲ್ಕು ರಾತ್ರಿ ಉಳಿದಿದ್ದೆ. ಅದೇನು ದೊಡ್ಡ ಸಾಧನೆ ಅಲ್ಲ, ಆದರೆ ಹಡಗು ಬರೋ ಮುಂಚಿನ ಊರು, ಇದ್ದಾಗಿನ ಊರು, ಹೋದಮೇಲಿನ ಊರು ಮೂರನ್ನೂ ನೋಡೋಕೆ ಆಯಿತು. ಅವು ಮೂರು ಬೇರೆ ಬೇರೆ ಊರುಗಳು. ಬೆಳಗ್ಗೆ ಏಳಕ್ಕೆ ಕೋಟೆ ಗೋಡೆಯ ಹೊರಗಿನ ಸಂತೆಯಲ್ಲಿ ಅಂಜೂರ, ಗಿಣ್ಣು, ಸೊಪ್ಪು ಇಟ್ಕೊಂಡು ಹೆಂಗಸರು ಕೂತಿರ್ತಾರೆ. ಬೆಕ್ಕುಗಳು ಕಲ್ಲಿನ ಮೇಲೆ ಬಿಸಿಲು ಕಾಯಿಸ್ತಿರ್ತವೆ. ಮನೆಗೆ ತರಕಾರಿ ಒಯ್ಯೋರು, ಶಾಲೆಗೆ ಹೋಗೋ ಮಕ್ಕಳು. ಹತ್ತು ಗಂಟೆಗೆ 1555ರ ಸಮುದ್ರ ಬಾಗಿಲಲ್ಲಿ ಬಣ್ಣಬಣ್ಣದ ನಂಬರ್ ಫಲಕ ಹಿಡಿದ ಗೈಡುಗಳು ಒಳಗೆ ಬರ್ತಾರೆ, ಹಿಂದೆ ಎದೆಗೆ ಸ್ಟಿಕ್ಕರ್ ಅಂಟಿಸಿಕೊಂಡ ನಲವತ್ತು ನಲವತ್ತು ಜನರ ಸಾಲು. ಆಮೇಲೆ ಊರಿನವರು ಕಾಣಿಸಲ್ಲ. ಅವರಿಗೆ ನಡೆಯೋಕೆ ಜಾಗವೇ ಇರಲ್ಲ.

ಇಲ್ಲಿ ಸ್ವಲ್ಪ ಲೆಕ್ಕ ಹಾಕಿ. ಕೊಟೋರ್ ಹಳೇ ಪೇಟೆ ಒಂದು ಸಣ್ಣ ತ್ರಿಕೋನ, ಈ ತುದಿಯಿಂದ ಆ ತುದಿಗೆ ಹತ್ತು ನಿಮಿಷದ ನಡಿಗೆ. ಸುತ್ತಲಿನ ಹಳ್ಳಿಗಳನ್ನೆಲ್ಲ ಸೇರಿಸಿದರೂ ಕೊಟೋರ್ ಪುರಸಭೆಯ ವ್ಯಾಪ್ತಿಯಲ್ಲಿರೋ ಜನ ಇಪ್ಪತ್ತೆರಡು, ಇಪ್ಪತ್ಮೂರು ಸಾವಿರ. ಎರಡು ದೊಡ್ಡ ಹಡಗು ಒಂದೇ ದಿನ ಬಂದರೆ ಐದಾರು ಸಾವಿರ ಜನ ಆ ತ್ರಿಕೋನಕ್ಕೆ ನುಗ್ತಾರೆ. ಗಾಂಧಿಬಜಾರಿನ ಮುಖ್ಯ ರಸ್ತೆಗೆ ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಹೋಗಿದ್ದೀರಲ್ಲ? ಆ ನೂಕುನುಗ್ಗಲು ಬೇಸಿಗೆಯುದ್ದಕ್ಕೂ ವಾರಕ್ಕೆ ಹಲವು ದಿನ ಇದ್ದರೆ, ಬಂದವರು ಯಾರೂ ಹೂವು ಹಣ್ಣು ಕೊಳ್ಳದೆ ಬರೀ ಫೋಟೊ ತೆಗೆದುಕೊಂಡು ಹೋದರೆ ಹೇಗಿರುತ್ತೆ ಯೋಚಿಸಿ.

ಹಾಗಾದಾಗ ಅಂಗಡಿಗಳು ಬದಲಾಗ್ತವೆ. ಇದು ಯಾರ ದುರುದ್ದೇಶವೂ ಅಲ್ಲ, ಸರಳ ವ್ಯಾಪಾರ. ಕೊಟೋರ್‌ನಲ್ಲಿ ಹಿಟ್ಟಿನ ಚೌಕ, ಹಾಲಿನ ಚೌಕ, ಸೊಪ್ಪಿನ ಚೌಕ ಅಂತ ಹೆಸರಿನ ಜಾಗಗಳಿವೆ. ನಮ್ಮ ಅಕ್ಕಿಪೇಟೆ, ಬಳೇಪೇಟೆ ಇದ್ದ ಹಾಗೆ. ಏನು ಎಲ್ಲಿ ಮಾರ್ತಿದ್ರೋ ಅದೇ ಹೆಸರು. ಈಗ ಅಲ್ಲಿ ಸುತ್ತಿ ಬಂದರೆ ಎಲ್ಲೆಲ್ಲೂ ಕಾಣೋದು ಫ್ರಿಜ್ ಮ್ಯಾಗ್ನೆಟ್, ಬೆಕ್ಕಿನ ಚಿತ್ರದ ಟೀ ಶರ್ಟ್, ಕಾಫಿ ಟೇಬಲ್ಲುಗಳು. ನಾಲ್ಕು ಗಂಟೆಯ ಗಿರಾಕಿಗೆ ಹಿಟ್ಟು ಬೇಡ, ಹಾಲು ಬೇಡ, ಚಪ್ಪಲಿ ರಿಪೇರಿ ಬೇಡ. ಅವನಿಗೆ ಬೇಕಾದ್ದನ್ನ ಮಾರೋನಿಗೆ ಹೆಚ್ಚು ಬಾಡಿಗೆ ಕಟ್ಟೋಕೆ ಆಗುತ್ತೆ, ಚಪ್ಪಲಿ ಹೊಲಿಯೋನಿಗೆ ಆಗಲ್ಲ. ಮನೆ ಖಾಲಿ ಮಾಡಿ ರಾತ್ರಿ ಲೆಕ್ಕದಲ್ಲಿ ಬಾಡಿಗೆಗೆ ಬಿಟ್ಟರೆ ಹೆಚ್ಚು ದುಡ್ಡು. ಹೀಗೆ ಊರಿನಿಂದ ಮೊದಲು ದಿನಸಿ ಅಂಗಡಿ ಹೋಗುತ್ತೆ, ಆಮೇಲೆ ಜನ ಹೋಗ್ತಾರೆ, ಉಳಿಯೋದು ಕಲ್ಲು. ವೆನಿಸ್ಸಿನ ಹಳೇ ನಗರದ ಜನಸಂಖ್ಯೆ 2022ರಲ್ಲಿ ಐವತ್ತು ಸಾವಿರಕ್ಕಿಂತ ಕೆಳಗಿಳಿದಿದ್ದು ಇದೇ ದಾರಿಯಲ್ಲಿ. ಒಳ್ಳೆ ಮನೆ ಬಾಡಿಗೆಗೆ ಸಿಗದೆ ಒದ್ದಾಡೋ ಬೆಂಗಳೂರಿನವರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ.

ಈಗ ಯಾರಾದರೂ ಹೇಳ್ತಾರೆ: ‘ಟೂರಿಸ್ಟ್ ದುಡ್ಡು ಕೊಡ್ತಾನಲ್ರೀ, ಅದರಿಂದಾನೇ ಆ ಊರು ಬದುಕಿರೋದು.’ ಪ್ರವಾಸೋದ್ಯಮ ಮಾಂಟೆನೆಗ್ರೊದ ಹೊಟ್ಟೆಪಾಡು ಅನ್ನೋದು ನಿಜ. ಆದರೆ ಎಲ್ಲ ಟೂರಿಸ್ಟುಗಳ ದುಡ್ಡೂ ಒಂದೇ ಅಲ್ಲ. ಹಡಗಿನವನು ಮಲಗೋದು ಹಡಗಿನಲ್ಲಿ, ಬೆಳಗಿನ ತಿಂಡಿ ತಿನ್ನೋದು ಹಡಗಿನಲ್ಲಿ, ರಾತ್ರಿ ಊಟ ಹಡಗಿನಲ್ಲಿ. ಅದಕ್ಕೆಲ್ಲ ಮೊದಲೇ ಕಟ್ಟಿದ್ದಾನೆ, ಹಾಗಾಗಿ ಮಧ್ಯಾಹ್ನವೂ ‘ಹೇಗೂ ಬಫೆ ಇದೆಯಲ್ಲ’ ಅಂತ ವಾಪಸ್ ಹೋಗ್ತಾನೆ. ಟೂರನ್ನೂ ಹಡಗಿನ ಕೌಂಟರಿನಲ್ಲೇ ಕೊಂಡಿರ್ತಾನೆ, ಅದರಲ್ಲಿ ಕಂಪನಿಯ ಪಾಲು ಕಳೆದು ಉಳಿದದ್ದು ಊರಿನ ಬಸ್ಸಿನವನಿಗೆ. ಅದೇ ಒಂದು ರಾತ್ರಿ ಉಳಿಯೋನು ರೂಮಿಗೆ ಕೊಡ್ತಾನೆ, ಎರಡು ಹೊತ್ತಿನ ಊಟಕ್ಕೆ ಕೊಡ್ತಾನೆ, ಸಂಜೆ ಒಂದು ಬಿಯರಿಗೆ ಕೊಡ್ತಾನೆ. ತುಳಿಯೋ ಜಾಗ ಇಬ್ಬರದ್ದೂ ಒಂದೇ, ಬಿಟ್ಟು ಹೋಗೋದು ಬೇರೆ.

ದುಡ್ಡು ಎಲ್ಲಿಗೆ ಹೋಗುತ್ತೆ ಅಂತ ತಿಳೀಬೇಕಾದರೆ ಹಡಗಿನ ಹಿಂಭಾಗದಲ್ಲಿ ಬರೆದಿರೋ ಊರಿನ ಹೆಸರು ಓದಿ. ನಸ್ಸಾವು, ಪನಾಮಾ, ವಲೆಟ್ಟಾ. ಬಹಾಮಾಸ್, ಪನಾಮಾ, ಮಾಲ್ಟಾದ ಬಾವುಟ. ಕಂಪನಿಯ ಆಫೀಸು ಮಯಾಮಿಯಲ್ಲಿ, ನೋಂದಣಿ ಇನ್ನೆಲ್ಲೋ. ರಾಯಲ್ ಕೆರಿಬಿಯನ್ ಕಂಪನಿ ಕಾಗದದ ಮೇಲೆ ಲೈಬೀರಿಯಾದ್ದು. ಇದೆಲ್ಲ ಕಾನೂನುಬದ್ಧವೇ, ಕಳ್ಳತನ ಅಂತ ನಾನು ಹೇಳ್ತಿಲ್ಲ. ತೆರಿಗೆ ಮತ್ತು ಕಾರ್ಮಿಕ ಕಾನೂನು ಎಲ್ಲಿ ಸಡಿಲವೋ ಅಲ್ಲಿಗೆ ಮನೆ ವಿಳಾಸ ಬದಲಿಸಿಕೊಳ್ಳೋ ಉದ್ಯಮ, ತಾನು ಹೋದಲ್ಲೆಲ್ಲ ‘ನಾವು ಊರು ಉದ್ಧಾರ ಮಾಡ್ತಿದ್ದೀವಿ’ ಅಂದರೆ ನಂಬಬೇಡಿ ಅಂತಷ್ಟೇ ಹೇಳ್ತಿರೋದು.

ಆ ಉದ್ಯಮಕ್ಕೆ ಊರು ಎಷ್ಟು ಬೇಕಾಗಿದೆ ಅನ್ನೋದಕ್ಕೆ ಅವರೇ ಒಂದು ಸಾಕ್ಷಿ ಕಟ್ಟಿ ನಿಲ್ಲಿಸಿದ್ದಾರೆ. ಬಹಾಮಾಸ್‌ನಲ್ಲಿ ಕೋಕೊಕೇ ಅನ್ನೋ ಸಣ್ಣ ದ್ವೀಪ ಇದೆ. ರಾಯಲ್ ಕೆರಿಬಿಯನ್ ಅದನ್ನ ತನ್ನ ಪ್ರಯಾಣಿಕರಿಗಷ್ಟೇ ಮೀಸಲು ಮಾಡಿ, ನೀರಿನ ಜಾರುಬಂಡೆ, ಬಾರು, ಬೀಚು ಕಟ್ಟಿಸಿ 2019ರಲ್ಲಿ ಹೊಸದಾಗಿ ತೆರೆಯಿತು. ಅಲ್ಲಿ ಯಾರ ಮನೆಯೂ ಇಲ್ಲ, ಯಾರ ಶಾಲೆಯೂ ಇಲ್ಲ, ಪ್ರತಿಭಟನೆ ಮಾಡೋ ಪುರಸಭೆ ಇಲ್ಲ. ಖರ್ಚು ಮಾಡಿದ ಪ್ರತಿ ಡಾಲರ್ ಕಂಪನಿಯ ಗಲ್ಲಾಕ್ಕೇ. ಬೇರೆ ಕಂಪನಿಗಳಿಗೂ ಇಂಥ ದ್ವೀಪಗಳಿವೆ. ಅಂದರೆ ಅವರ ಲೆಕ್ಕದಲ್ಲಿ ನಿಲುಗಡೆ ಅನ್ನೋದು ಪ್ರಯಾಣಿಕನಿಗೆ ಬೇಜಾರಾಗದ ಹಾಗೆ ನೋಡಿಕೊಳ್ಳೋ ಒಂದು ಏರ್ಪಾಡು. ಅದು ಒಂಬೈನೂರು ವರ್ಷದ ಕೊಟೋರ್ ಆದರೂ ನಡೆಯುತ್ತೆ, ಮೊನ್ನೆ ಕಟ್ಟಿದ ವಾಟರ್ ಪಾರ್ಕ್ ಆದರೂ ನಡೆಯುತ್ತೆ.

ಹೊಗೆಯ ವಿಷಯ ಚುಟುಕಾಗಿ ಹೇಳ್ತೀನಿ. ಬಂದರಿನಲ್ಲಿ ನಿಂತ ಹಡಗು ಆಫ್ ಆಗಿರಲ್ಲ. ಸಾವಿರಾರು ರೂಮುಗಳ ಏಸಿ, ಅಡುಗೆಮನೆ, ಈಜುಕೊಳದ ಪಂಪು ಎಲ್ಲದಕ್ಕೂ ಕರೆಂಟು ಬೇಕು. ದಡದಿಂದ ವಿದ್ಯುತ್ ಕೊಡೋ ವ್ಯವಸ್ಥೆ ಇಲ್ಲದ ಕಡೆ ಇಡೀ ದಿನ ಎಂಜಿನ್ ಓಡ್ತಿರುತ್ತೆ. 2025ರ ಮೇ 1ರಿಂದ ಮೆಡಿಟರೇನಿಯನ್ನಿನಲ್ಲಿ ಹಡಗಿನ ಇಂಧನದ ಗಂಧಕದ ಮಿತಿಯನ್ನ ಶೇಕಡಾ 0.5ರಿಂದ 0.1ಕ್ಕೆ ಇಳಿಸಿದ್ದಾರೆ, ಒಳ್ಳೆಯದೇ. ಆದರೂ ಮೂರು ಕಡೆ ಬೆಟ್ಟ ಇರೋ ಕೊಲ್ಲಿಯಲ್ಲಿ ಚಿಮಣಿ ಹೊಗೆ ಎಲ್ಲಿಗೆ ಹೋಗಬೇಕು? ಗಾಳಿ ಇಲ್ಲದ ದಿನ ಅದು ಪೇಟೆಯ ಮೇಲೇ ಕೂತಿರುತ್ತೆ.

ಇನ್ನು ನಮ್ಮವರ ಮಾತು. ಈ ಹಡಗುಗಳ ಊಟದ ಹಾಲಿನಲ್ಲಿ, ಅಡುಗೆಮನೆಯಲ್ಲಿ, ರೂಮು ಕ್ಲೀನ್ ಮಾಡೋ ಕೆಲಸದಲ್ಲಿ ಫಿಲಿಪ್ಪೀನ್ಸ್, ಇಂಡೋನೇಷ್ಯಾದವರ ಜೊತೆ ನಮ್ಮ ದೇಶದವರೂ ಬೇಕಾದಷ್ಟು ಜನ ಇದ್ದಾರೆ. ಗೋವಾ, ಮಂಗಳೂರು, ಉಡುಪಿ ಕಡೆ ‘ಮಗ ಶಿಪ್ಪಿನಲ್ಲಿದ್ದಾನೆ’ ಅಂದರೆ ಮದುವೆ ಮಾರುಕಟ್ಟೆಯಲ್ಲಿ ಅದಕ್ಕೊಂದು ತೂಕ ಇದೆ. ಹೋಟೆಲ್ ಮ್ಯಾನೇಜ್‌ಮೆಂಟ್ ಓದಿ ಆರು, ಎಂಟು ತಿಂಗಳ ಕಾಂಟ್ರಾಕ್ಟ್‌ಗೆ ಹೋಗೋ ಹುಡುಗರು ಅವರು. ನೀವು ಅಲ್ಲಿ ಹೋದಾಗ ಕನ್ನಡವೋ ತುಳುವೋ ಮಾತಾಡಿ ಖುಷಿಪಟ್ಟು ಒಂದು ಸೆಲ್ಫಿ ತಗೊಂಡು ಬಂದಿರ್ತೀರಿ. ಅವರ ದಿನಚರಿ ಕೇಳಿದ್ದೀರಾ? ಅಂತರರಾಷ್ಟ್ರೀಯ ಸಮುದ್ರ ಕಾರ್ಮಿಕ ಒಪ್ಪಂದದ ಪ್ರಕಾರ ಒಬ್ಬ ನೌಕರನನ್ನ ದಿನಕ್ಕೆ 14 ಗಂಟೆ, ವಾರಕ್ಕೆ 72 ಗಂಟೆವರೆಗೆ ದುಡಿಸಬಹುದು. ಅದು ಗರಿಷ್ಠ ಮಿತಿ, ಕಾನೂನೇ ಒಪ್ಪಿರೋದು. ವಾರಕ್ಕೆ 70 ಗಂಟೆ ಕೆಲಸ ಮಾಡಿ ಅಂತ ಒಬ್ಬ ಉದ್ಯಮಿ ಅಂದಿದ್ದಕ್ಕೆ ನಾವು ತಿಂಗಳುಗಟ್ಟಲೆ ಮೀಮು ಮಾಡಿದ್ವಿ. ಇಲ್ಲಿ 72 ಗಂಟೆ, ರಜೆ ಇಲ್ಲದ ತಿಂಗಳುಗಳು, ನೀರಿನ ಮಟ್ಟದ ಹತ್ತಿರದ ಹಂಚಿಕೊಂಡ ರೂಮು. ನಾವು ಕೊಟೋರ್ ‘ಮುಗಿಸೋ’ ಹೊತ್ತಿನಲ್ಲೂ ಸುರಕ್ಷತೆಗೆ ಇಂತಿಷ್ಟು ಸಿಬ್ಬಂದಿ ಹಡಗಿನಲ್ಲೇ ಇರಬೇಕು. ಹತ್ತು ಸಲ ಆ ಊರಿಗೆ ಬಂದೂ ಕೋಟೆ ಹತ್ತದವರು ಎಷ್ಟೋ ಜನ.

‘ಅದೆಲ್ಲ ಸರಿ, ನಮಗೆ ರಜೆ ಎಲ್ಲಿದೆ?’ ಅನ್ನೋ ಪ್ರಶ್ನೆಗೆ ಬರೋಣ. ನಿಜ, ಹತ್ತು ದಿನ ರಜೆ ಸಿಗೋಕೇ ಮ್ಯಾನೇಜರಿಗೆ ನಾಲ್ಕು ಮೇಲ್ ಹಾಕಬೇಕು. ಅದಕ್ಕೇ ಹೇಳ್ತಿರೋದು, ಇರೋ ಏಳು ದಿನವನ್ನ ನಾಲ್ಕು ದೇಶಕ್ಕೆ ಹಂಚಿ ಪುಡಿ ಮಾಡಬೇಡಿ ಅಂತ. ಏಳು ದಿನಕ್ಕೆ ಎರಡು ಊರು ಸಾಕು. ಡುಬ್ರೋವ್ನಿಕ್‌ನಿಂದ ಕೊಟೋರ್‌ಗೆ ಸುಮಾರು 90 ಕಿಲೋಮೀಟರ್, ಗಡಿಯಲ್ಲಿ ಕಾಯೋದು ಸೇರಿ ಅರ್ಧ ದಿನದ ಬಸ್ ಪ್ರಯಾಣ. ಮೂರು ರಾತ್ರಿ ಅಲ್ಲಿ, ಮೂರು ರಾತ್ರಿ ಇಲ್ಲಿ. ಹಡಗುಗಳು ಹೋದಮೇಲೆ ಸಂಜೆ ಆರಕ್ಕೆ ಕೋಟೆ ಹತ್ತಿ. ಇಪ್ಪತ್ತೈದು ತಿರುವುಗಳ ಹಳೇ ಘಾಟಿ ರಸ್ತೆಯಲ್ಲಿ ಬೆಟ್ಟದ ಮೇಲಿನ ನ್ಯೆಗುಶಿ ಹಳ್ಳಿಗೆ ಹೋಗಿ. ಫೆಬ್ರವರಿ 3ರಂದು ಊರ ದೇವರು ಸಂತ ಟ್ರಿಫೋನನ ಹಬ್ಬ. ಬೋಕಾ ನಾವಿಕರ ಹಳೇ ಸಂಘದವರು ಕಪ್ಪು ಉಡುಪು ತೊಟ್ಟು ಕೈಹಿಡಿದು ವೃತ್ತದಲ್ಲಿ ಕುಣೀತಾರೆ. ಈ ಸಂಪ್ರದಾಯವನ್ನ ಯುನೆಸ್ಕೊ 2021ರಲ್ಲಿ ತನ್ನ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಅದು ಚಳಿಗಾಲ, ಕ್ರೂಸಿನ ಸೀಸನ್ ಅಲ್ಲ. ನಾವಿಕರ ಊರಿನ ನಾವಿಕರ ಹಬ್ಬ ಹಡಗಿನಲ್ಲಿ ಬರೋ ಲಕ್ಷಾಂತರ ಜನರಿಗೆ ಕಾಣೋದೇ ಇಲ್ಲ.

ಒಂದು ಮಾತು ಮಾತ್ರ ನಾನು ಪೂರ್ತಿ ಒಪ್ತೀನಿ. ಮಂಡಿನೋವಿನ ಅಮ್ಮ, ಸಕ್ಕರೆ ಕಾಯಿಲೆಯ ಅಪ್ಪನ್ನ ಕರ್ಕೊಂಡು ಹೋಗೋರಿಗೆ ದಿನಕ್ಕೊಂದು ಹೋಟೆಲು, ಮೂಟೆ ಹೊತ್ತು ಬಸ್ ಹತ್ತೋದು ಆಗದ ಮಾತು. ಹಡಗಿನಲ್ಲಿ ಲಿಫ್ಟ್ ಇದೆ, ಡಾಕ್ಟರ್ ಇದ್ದಾರೆ, ಅನ್ನ ಸಾರು ಸಿಗುತ್ತೆ. ಅವರು ಹೋಗಲಿ, ಸುಖವಾಗಿ ಸಮುದ್ರ ನೋಡಿ ಬರಲಿ. ನನ್ನ ತಕರಾರು ಇಪ್ಪತ್ತೆಂಟು ವರ್ಷದ, ವಾರಾಂತ್ಯಕ್ಕೆ ಕುಮಾರಪರ್ವತ ಹತ್ತೋ ಕಾಲುಳ್ಳವರ ಮೇಲೆ.

ಇನ್ನೊಂದು ವಾದ ಇದೆ: ‘ನಾನೊಬ್ಬ ಹೋಗದಿದ್ರೆ ಹಡಗು ನಿಲ್ಲುತ್ತಾ?’ ನಿಲ್ಲಲ್ಲ. ಅದಕ್ಕೇ ನಿಯಮ ಮಾಡಬೇಕಾದ್ದು ಊರುಗಳು, ಮಾಡ್ತಾನೂ ಇವೆ. ಇಟಲಿ ಸರ್ಕಾರ 2021ರ ಆಗಸ್ಟ್‌ನಿಂದ ದೊಡ್ಡ ಹಡಗುಗಳು ವೆನಿಸ್ಸಿನ ಸಂತ ಮಾರ್ಕನ ಚೌಕದ ಮುಂದೆ ಹಾಯೋದನ್ನ ನಿಲ್ಲಿಸಿತು. ಡುಬ್ರೋವ್ನಿಕ್ ಒಂದು ಹೊತ್ತಿಗೆ ಎರಡೇ ಹಡಗು, ನಾಲ್ಕು ಸಾವಿರ ಪ್ರಯಾಣಿಕರು ಅಂತ ಮಿತಿ ಹಾಕಿಕೊಂಡಿತು. ಹದಿನೈದು ಸಾವಿರ ಚಿಲ್ಲರೆ ಜನ ವಾಸಿಸೋ ಸ್ಯಾಂಟೊರಿನಿ ದ್ವೀಪ ದಿನಕ್ಕೆ ಎಂಟು ಸಾವಿರ ಕ್ರೂಸ್ ಪ್ರಯಾಣಿಕರ ಮಿತಿ ತಂದಿತು. ಗ್ರೀಸ್ 2025ರ ಜುಲೈಯಿಂದ ಸೀಸನ್ನಿನಲ್ಲಿ ಅಲ್ಲಿ ಇಳಿಯೋ ತಲಾ ಪ್ರಯಾಣಿಕನಿಗೆ 20 ಯೂರೋ ಶುಲ್ಕ ಹಾಕಿದೆ. ಈ ಸುದ್ದಿ ಬಂದಾಗಲೆಲ್ಲ ನಮ್ಮವರು ‘ಯುರೋಪಿನವರಿಗೆ ಕೊಬ್ಬು, ನಮ್ಮ ದುಡ್ಡು ಬೇಕು ನಾವು ಬೇಡ’ ಅಂತ ಬೈತಾರೆ. ಬೈಯೋದನ್ನ ಬಿಟ್ಟು, ನಮ್ಮ ಮನೆ ಮುಂದೆ ದಿನಾ ಮೂರು ಸಾವಿರ ಜನ ಇಳಿದರೆ ನಾವು ಏನು ಮಾಡ್ತಿದ್ವಿ ಅಂತ ಯೋಚಿಸೋದು ವಾಸಿ.

ಯಾಕಂದ್ರೆ ಅದು ಬರೀ ಊಹೆಯ ಮಾತಲ್ಲ. ಪಣಂಬೂರಿನ ನವಮಂಗಳೂರು ಬಂದರಿಗೆ ಈಗಾಗಲೇ ಪ್ರತಿ ಸೀಸನ್ನಿನಲ್ಲಿ ವಿದೇಶಿ ಕ್ರೂಸ್ ಹಡಗುಗಳು ಬರ್ತವೆ. ಚೆಂಡೆ ಬಾರಿಸಿ, ಯಕ್ಷಗಾನದ ವೇಷ ನಿಲ್ಲಿಸಿ ಸ್ವಾಗತ ಮಾಡ್ತೀವಿ. ಬಸ್ಸು ಹತ್ತಿಸಿ ಮೂಡಬಿದಿರೆಯ ಸಾವಿರ ಕಂಬದ ಬಸದಿ, ಕುದ್ರೋಳಿ ದೇವಸ್ಥಾನ, ಗೋಡಂಬಿ ಕಾರ್ಖಾನೆ ತೋರಿಸಿ ಸಂಜೆ ವಾಪಸ್ ಬಿಡ್ತೀವಿ. ಸದ್ಯಕ್ಕೆ ಸಂಖ್ಯೆ ಸಣ್ಣದು, ಯಾರಿಗೂ ತೊಂದರೆ ಇಲ್ಲ. ಆದರೆ ಕೇಂದ್ರ ಸರ್ಕಾರ 2024ರ ಸೆಪ್ಟೆಂಬರ್ 30ರಂದು ‘ಕ್ರೂಸ್ ಭಾರತ್ ಮಿಷನ್’ ಶುರು ಮಾಡಿದೆ. 2029ರೊಳಗೆ ದೇಶದ ಕ್ರೂಸ್ ಪ್ರಯಾಣಿಕರ ಸಂಖ್ಯೆಯನ್ನ ದುಪ್ಪಟ್ಟು ಮಾಡೋದು ಗುರಿ. ಟರ್ಮಿನಲ್ ಕಟ್ಟೋಕೆ ಉತ್ಸಾಹ ಇದೆ. ಒಂದು ದಿನಕ್ಕೆ ಎಷ್ಟು ಜನ, ತಲೆಗೆ ಎಷ್ಟು ಶುಲ್ಕ, ಅದರಲ್ಲಿ ಮೂಡಬಿದಿರೆಯ ಪುರಸಭೆಗೆ ಎಷ್ಟು ಅನ್ನೋ ಮಾತು ಮಾತ್ರ ಎಲ್ಲೂ ಕೇಳ್ತಿಲ್ಲ. ಕೊಟೋರ್, ಡುಬ್ರೋವ್ನಿಕ್ ಈ ಪ್ರಶ್ನೆಗಳನ್ನ ಕೇಳಿಕೊಂಡಿದ್ದು ಹಡಗು ಬಂದು ನಿಂತಮೇಲೆ. ನಮಗೆ ಮುಂಚೆಯೇ ಕೇಳೋಕೆ ಇನ್ನೂ ಟೈಮ್ ಇದೆ. ಕರಾವಳಿಯವರು ತಮ್ಮ ಶಾಸಕರನ್ನ ಕೇಳಿ. 1430ರ ಬಸದಿಯ ಕಂಬಗಳ ನಡುವೆ ನಲವತ್ತು ನಲವತ್ತು ಜನರ ಸಾಲು ನಂಬರ್ ಫಲಕ ಹಿಡಿದು ನುಗ್ಗೋ ಮುಂಚೆ ಕೇಳಿ.

ಬೆಂಗಳೂರಿನವರು ಮಾಡಬೇಕಾದ್ದು ಇನ್ನೂ ಸುಲಭ. ಮುಂದಿನ ಸಲ ಆ ಜಾಹೀರಾತು ಬಂದಾಗ ಒಂದು ಲೆಕ್ಕ ಹಾಕಿ: ಕಟ್ಟೋ ದುಡ್ಡನ್ನ ದಡದ ಮೇಲೆ ಇರೋ ಗಂಟೆಗಳಿಂದ ಭಾಗಿಸಿ. ಬಂದ ಉತ್ತರ ನೋಡಿದಮೇಲೂ ಹಡಗೇ ಬೇಕು ಅನ್ನಿಸಿದರೆ ಧಾರಾಳವಾಗಿ ಹೋಗಿ, ಈಜುಕೊಳ ಚೆನ್ನಾಗಿರುತ್ತಂತೆ. ಬಂದಮೇಲೆ ‘ಕ್ರೂಸಿಗೆ ಹೋಗಿದ್ವಿ’ ಅನ್ನಿ, ಅದು ಸತ್ಯ. ಕೊಟೋರ್‌ಗೆ ಹೋಗಿದ್ವಿ ಅಂತ ಮಾತ್ರ ಹೇಳಬೇಡಿ.